ಗಾಡಿಯ ತಲೆ ಮೇಲೆ ಎಷ್ಟು ಭಾರ?

ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಸ್ವಲ್ಪ ಹೊತ್ತು ಕೂತರೆ ಸಾಕು, ಒಂದಲ್ಲ ಒಂದು ಸಿಂಗಾರಗೊಂಡ ಜೀಪು ಬಂದು ನಿಲ್ಲುತ್ತದೆ. ತಲೆಯ ಮೇಲೆ ಕಬ್ಬಿಣದ ಮಂಚದಂಥ ಕ್ಯಾರಿಯರ್, ಅದರ ಅಂಚಿಗೆ ಸಾಲುದೀಪ, ಹಿಂಬದಿಗೆ ಏಣಿ, ಪಕ್ಕಕ್ಕೆ ಹಸಿರು ಡೀಸೆಲ್ ಡಬ್ಬಿ, ಬಾನೆಟ್ಟಿನ ಪಕ್ಕದಿಂದ ಮೇಲಕ್ಕೆ ಏರಿದ ಕಪ್ಪು ಕೊಳವೆ. ಮಕ್ಕಳು ಬಾಯಿಬಿಟ್ಟು ನೋಡುತ್ತಾರೆ. ನಾನೂ ನೋಡುತ್ತೇನೆ. ಆದರೆ 36 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಎದ್ದವನಿಗೆ ಕೂಡಲೇ ಎರಡು ಪ್ರಶ್ನೆ ಹುಟ್ಟುತ್ತವೆ. ಇದರ ತೂಕ ಎಷ್ಟು? ಇದು ಯಾರ ಲೆಕ್ಕಕ್ಕೆ?

ಈ ಎರಡು ಪ್ರಶ್ನೆಗಳೂ ಹೋದ ದಸರೆಯ ಹೊತ್ತಿಗೆ ನಮ್ಮ ಮನೆಯೊಳಗೇ ಬಂದವು. ನಮ್ಮ ಅಳಿಯಂದಿರು ಏಳು ಸೀಟಿನ, ನಾಲ್ಕು ಚಕ್ರಕ್ಕೂ ಎಳೆತ ಇರುವ ಡೀಸೆಲ್ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ದಸರಾ ರಜೆಗೆ ತುಮಕೂರಿನಿಂದ ಹೊರಟು ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ನೋಡಿಕೊಂಡು ಹೊಸನಗರ ತಾಲ್ಲೂಕಿನಲ್ಲಿರುವ ನನ್ನ ಮನೆಯಾಕೆಯ ತವರಿಗೆ ಹೋಗುವುದೆಂದು ಮಾತಾಯಿತು. ಆ ಊರಿಗೆ ಬಸ್ಸಿಲ್ಲ. ಟಾರು ರಸ್ತೆಯಲ್ಲಿ ಇಳಿದು ಮೂರೂವರೆ ಕಿಲೋಮೀಟರು ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಮಂಡಿನೋವು ಶುರುವಾದ ಮೇಲೆ ಒಂಬತ್ತು ವರ್ಷದಿಂದ ಆಕೆ ಅಲ್ಲಿಗೆ ಹೋಗಿರಲಿಲ್ಲ. ಆಕೆಯ ಅಣ್ಣನಿಗೆ ಈಗ ಎಂಬತ್ತು. ಇಬ್ಬರೂ ಫೋನಿನಲ್ಲಿ ಮಾತಾಡುತ್ತಾರೆ. ಇಬ್ಬರಿಗೂ ಕಿವಿ ಮಂದ.

ಒಂದು ಭಾನುವಾರ ಅಳಿಯಂದಿರು ಬೆಂಗಳೂರಿನ ಅಂಗಡಿಯೊಂದರಿಂದ ದರಪಟ್ಟಿ ತಂದು ನನ್ನ ಮುಂದಿಟ್ಟರು. ಏಣಿ ಸಹಿತ ಉದ್ದನೆಯ ಉಕ್ಕಿನ ಕ್ಯಾರಿಯರ್ 34,000 ರೂಪಾಯಿ. ಅದರ ಮೇಲೆ ಬಿಚ್ಚಿ ಮಲಗುವ ಡೇರೆ 1,05,000. ಎಲ್‌ಇಡಿ ಸಾಲುದೀಪ ಮತ್ತು ನಾಲ್ಕು ಸ್ಪಾಟ್ ಲೈಟ್ 22,000. ಕಪ್ಪು ಕೊಳವೆ, ಅಂದರೆ ಸ್ನಾರ್ಕೆಲ್, 14,000. ಕೆಸರಿನಿಂದ ಎಳೆಯುವ ವಿಂಚ್ 45,000. ಎರಡು ಡೀಸೆಲ್ ಡಬ್ಬಿ 9,000. ಪಕ್ಕಕ್ಕೆ ಬಿಚ್ಚುವ ಚಪ್ಪರ 16,000. ಒಟ್ಟು 2,45,000. ನಾನು ಕೂಡಿದೆ, ಕೂಡಿದ್ದು ಟ್ಯಾಲಿ ಆಯಿತು, ಆದರೆ ಮನಸ್ಸು ಆಗಲಿಲ್ಲ.

“ಮಾವ, ಇಷ್ಟೆಲ್ಲಾ ಹಾಕಿಸಿದ್ರೆ ಹಿಂದಿನ ಸೀಟು ತೆಗೆದು ಸಾಮಾನಿಗೆ ಬಿಟ್ಕೋಬೇಕಾಗತ್ತೆ. ನೀವೂ ಅತ್ತೆಯವರೂ ಹೊಸನಗರದ ತನಕ ಬಸ್ಸಿಗೆ ಬಂದ್ಬಿಡಿ, ಅಲ್ಲಿಂದ ನಾನು ಎರಡು ಟ್ರಿಪ್ ಮಾಡ್ತೀನಿ” ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬಸ್ಸೂ ಒಳ್ಳೆಯದೇ. ಆದರೆ ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಮನೆಯಾಕೆ ತಲೆ ಎತ್ತದೆ, “ಡೇರೆಗೆ ಜಾಗ ಇದೆ, ನನಗಿಲ್ವಾ?” ಎಂದಳು. ಆಮೇಲೆ ಮರದಲ್ಲಿ ಮತ್ತೆ ಕೈ ಆಡತೊಡಗಿತು.

ಏಳನೇ ತರಗತಿಯ ನನ್ನ ಮೊಮ್ಮಗಳು ಲೆಕ್ಕದಲ್ಲಿ ಚುರುಕು. ಗಾಡಿಯ ಕೈಪಿಡಿ ತರಿಸಿ, “ಚಾವಣಿಯ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಎಲ್ಲಿ ಬರೆದಿದೆ ಹುಡುಕು” ಎಂದೆ. ಸಿಕ್ಕಿತು: 75 ಕಿಲೋ. ಬೇರೆ ಗಾಡಿಗಳಿಗೆ ಬೇರೆ ಅಂಕಿ ಇರುತ್ತದೆ. ನಿಮ್ಮ ಗಾಡಿಗೆ ಅಂಗಡಿಯವನ ಮಾತಲ್ಲ, ಕೈಪಿಡಿಯ ಅಂಕಿಯೇ ಪ್ರಮಾಣ. ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಎಷ್ಟೋ ಮಂದಿ ಇದನ್ನು ಮರೆಯುತ್ತಾರೆ. ಆ 75 ಕಿಲೋದಲ್ಲಿ ಕ್ಯಾರಿಯರಿನ ಸ್ವಂತ ತೂಕವೂ ಸೇರಿದೆ. ದರಪಟ್ಟಿಯಲ್ಲಿದ್ದ ಉಕ್ಕಿನ ಕ್ಯಾರಿಯರ್ 32 ಕಿಲೋ, ಡೇರೆ 58 ಕಿಲೋ, ಚಪ್ಪರ 14 ಕಿಲೋ. ಒಂದು ಬಟ್ಟೆಯ ಚೀಲವೂ ಏರುವ ಮೊದಲೇ 104 ಕಿಲೋ. “ತಾತ, 29 ಕಿಲೋ ಓವರ್‌ಡ್ರಾಫ್ಟ್!” ಎಂದು ಅವಳು ಕೂಗಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ಹಾಗಾದ್ರೆ ಆ ಡೇರೆಯೊಳಗೆ ಇಬ್ಬರು ಮಲಗ್ತಾರಲ್ಲ, ಆಗ ಚಾವಣಿ ಮುರಿಯಲ್ವಾ?” ಎಂದು ಮೂರನೇ ತರಗತಿಯ ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ನಿಂತ ಗಾಡಿ ಬೇರೆ, ಓಡುವ ಗಾಡಿ ಬೇರೆ. ನಿಂತಾಗ ಭಾರ ನೇರ ಕೆಳಕ್ಕೆ, ಕಂಬಗಳ ಮೂಲಕ ಇಳಿಯುತ್ತದೆ. ಹಾಗಾಗಿ ಅದು ಇನ್ನೂ ಹಲವು ಪಟ್ಟು ತಡೆಯುತ್ತದೆ. ಓಡುವಾಗ ಹಳ್ಳ ಬಂದರೆ ಅದೇ ಭಾರ ಮೇಲೆದ್ದು ಕುಕ್ಕುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ. ಕೈಪಿಡಿಯ 75 ಕಿಲೋ ಓಡುವ ಗಾಡಿಯ ಮಾತು.

ಎತ್ತರದ ಭಾರ ಏಕೆ ಅಪಾಯ ಎನ್ನುವುದನ್ನು ಮಕ್ಕಳು ಮನೆಯಲ್ಲೇ ನೋಡಬಹುದು. ಖಾಲಿ ಬೆಂಕಿಪೊಟ್ಟಣವನ್ನು ಪರೀಕ್ಷೆಯ ಪ್ಯಾಡಿನ ಮೇಲೆ ಉದ್ದಕ್ಕೆ ನಿಲ್ಲಿಸಿ. ಜಾರದಂತೆ ಅದರ ಬುಡಕ್ಕೆ ಪೆನ್ಸಿಲ್ ಒಂದನ್ನು ಅಡ್ಡ ಇಟ್ಟುಕೊಳ್ಳಿ. ಪ್ಯಾಡಿನ ಒಂದು ಅಂಚನ್ನು ನಿಧಾನವಾಗಿ ಎತ್ತುತ್ತ ಹೋಗಿ, ಎಷ್ಟು ಎತ್ತಿದಾಗ ಬೀಳುತ್ತದೆ ಗುರುತು ಮಾಡಿ. ಈಗ ಪೊಟ್ಟಣದ ತಲೆಗೆ ಹತ್ತು ರೂಪಾಯಿ ನಾಣ್ಯ ಅಂಟಿಸಿ ಮತ್ತೆ ಎತ್ತಿ. ಮೊದಲಿಗಿಂತ ಬೇಗ ಬೀಳುತ್ತದೆ. ಅದೇ ನಾಣ್ಯವನ್ನು ಬುಡಕ್ಕೆ ಅಂಟಿಸಿದರೆ ಮೊದಲಿಗಿಂತ ತಡವಾಗಿ ಬೀಳುತ್ತದೆ. ಭಾರ ಒಂದೇ, ಜಾಗ ಬೇರೆ. ಮಣ್ಣಿನ ದಾರಿಯಲ್ಲಿ ಒಂದು ಗಾಲಿ ಗುಂಡಿಗೆ ಇಳಿದು ಇನ್ನೊಂದು ಕಲ್ಲು ಹತ್ತಿದಾಗ ಗಾಡಿ ಆ ಪ್ಯಾಡಿನ ಮೇಲಿನ ಪೊಟ್ಟಣವೇ. ನಮ್ಮ ಮನೆಯಲ್ಲಿ ಈ ಪ್ರಯೋಗ ಏಳೆಂಟು ಸಲ ನಡೆಯಿತು. ಕೊನೆಯ ಎರಡು ಸಲ ಮಾಡಿದವರು ಅಳಿಯಂದಿರು. ಆಮೇಲೆ ದರಪಟ್ಟಿಯಲ್ಲಿ ಡೇರೆಯ ಮೇಲೆ ಅವರೇ ಗೀಟು ಎಳೆದರು. ಚಪ್ಪರವೂ ಅದರ ಹಿಂದೆಯೇ ಹೋಯಿತು.

ಉದ್ದನೆಯ ಕ್ಯಾರಿಯರ್ ಬದಲು ಎರಡು ಅಡ್ಡ ಪಟ್ಟಿ, ಅದರ ಮೇಲೊಂದು ಸಣ್ಣ ಅಲ್ಯುಮಿನಿಯಂ ಬುಟ್ಟಿ ತೆಗೆದುಕೊಂಡೆವು. ಎರಡೂ ಸೇರಿ 14 ಕಿಲೋ, ಬೆಲೆ 11,500. ಇನ್ನು 61 ಕಿಲೋಗೆ ಅವಕಾಶವಿದ್ದರೂ ನಾವು ಏರಿಸಿದ್ದು 38 ಮಾತ್ರ: ಹಾಸಿಗೆ-ಹೊದಿಕೆ 12, ಎರಡು ಬಟ್ಟೆ ಚೀಲ 18, ಚಾಪೆ ಮತ್ತು ಟಾರ್ಪಾಲು 8. ಜಾಗ ತಿನ್ನುವ, ಆದರೆ ತೂಗದ ಸಾಮಾನು ಮೇಲೆ. ನೀರಿನ ಕ್ಯಾನು, ಜ್ಯಾಕು, ಉಪಕರಣದ ಪೆಟ್ಟಿಗೆ, ಆಕೆ ತವರಿಗೆಂದು ಕಟ್ಟಿದ ಕೊಬ್ಬರಿ ಮೂಟೆ ಎಲ್ಲವೂ ಕೆಳಗೆ, ನೆಲಕ್ಕೆ ತಾಗಿದಂತೆ, ನಡುಸೀಟಿನ ಬೆನ್ನಿಗೆ ಒತ್ತಿ. ಹೀಗೆ ಮಾಡಿದ್ದರಿಂದ ಹಿಂದಿನ ಸಾಲಿನಲ್ಲಿ ಅರ್ಧ ಸೀಟನ್ನು ಮಾತ್ರ ಮಡಚಿದರೆ ಸಾಕಾಯಿತು. ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಬೆಲ್ಟು ಕಟ್ಟಿಕೊಂಡು ಮೊಮ್ಮಗಳು. ಆರು ಜನರೂ ಹಿಡಿಸಿದರು.

ಒಟ್ಟು ಭಾರದ ಲೆಕ್ಕವನ್ನೂ ಮಾಡಲೇಬೇಕು. ತುಂಬಿದ ಗಾಡಿಯ ಗರಿಷ್ಠ ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ನಮ್ಮದಕ್ಕೆ ಉಳಿದದ್ದು 650 ಕಿಲೋ. ಮನೆಯವರೆಲ್ಲ ತೂಕದ ಯಂತ್ರ ಹತ್ತಿದೆವು. (ಮಗಳು ತನ್ನ ಅಂಕಿಯನ್ನು ಕಿವಿಯಲ್ಲಿ ಹೇಳಿದಳು.) ಆರು ಜನ ಸೇರಿ 336. ಉಳಿದದ್ದು 314. ಅಷ್ಟು ಸಾಮಾನು ನಮ್ಮಲ್ಲಿರಲಿಲ್ಲ, ಸದ್ಯ.

ಒಳಗಿನ ಸಾಮಾನನ್ನೂ ಕಟ್ಟಬೇಕೇ ಎಂದು ನನ್ನ ವಯಸ್ಸಿನ ಗೆಳೆಯರು ಕೇಳುತ್ತಾರೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಏನಾದರೂ ಡಿಕ್ಕಿ ಹೊಡೆದು ತಟ್ಟನೆ ನಿಂತರೆ ಒಳಗಿನ ನೀರಿನ ಕ್ಯಾನು ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ ಬಿದ್ದ ಕ್ಯಾನಿಗೆ ಎಷ್ಟು ರಭಸವೋ ಅಷ್ಟು. ಅದರ ದಾರಿಯಲ್ಲಿ ಮಗುವಿನ ತಲೆ ಇರಬಾರದು. 700 ರೂಪಾಯಿಯ ಬಲೆಯೊಂದನ್ನು ತಂದು ನಾಲ್ಕು ಮೂಲೆಯ ಕೊಂಡಿಗೆ ಬಿಗಿದೆವು. ಚಾವಣಿಯ ಮೇಲೆ ರಬ್ಬರಿನ ಹಗ್ಗ ಬೇಡ. ಅದು ಹಿಗ್ಗುತ್ತದೆ, ಬಿಚ್ಚುವಾಗ ಕೊಕ್ಕೆ ಚಿಮ್ಮಿ ಕಣ್ಣಿಗೆ ತಾಗುತ್ತದೆ. ರ‍್ಯಾಚೆಟ್ ಇರುವ ಪಟ್ಟಿ ಒಳ್ಳೆಯದು. ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಹೊರಟು 50 ಕಿಲೋಮೀಟರ್ ಆದ ಮೇಲೆ ಒಮ್ಮೆ ಇಳಿದು ಮುಟ್ಟಿ ನೋಡಬೇಕು. ಕಟ್ಟಿದ್ದೆಲ್ಲ ಒಂದಿಷ್ಟು ಸಡಿಲವಾಗಿರುತ್ತದೆ. ನಮ್ಮದು ಶಿರಾ ದಾರಿಯಲ್ಲ, ತಿಪಟೂರಿನ ದಾರಿ. ಅಲ್ಲಿ ಇಡ್ಲಿಗೆ ನಿಂತಾಗ ನೋಡಿದೆವು, ಎರಡು ಹಲ್ಲು ಬಿಗಿ ಮಾಡಬೇಕಾಯಿತು.

ಇನ್ನೊಂದು: ಬುಟ್ಟಿ ಹತ್ತಿದ ಮೇಲೆ ಗಾಡಿಯ ಎತ್ತರ ಬದಲಾಗುತ್ತದೆ. ಸಾಮಾನು ಕಟ್ಟಿದ ಮೇಲೆ ನೆಲದಿಂದ ತುದಿಯವರೆಗೆ ಟೇಪಿನಲ್ಲಿ ಅಳೆದು, ಮೊಮ್ಮಗನ ದೊಡ್ಡ ಅಕ್ಷರದಲ್ಲಿ ಬರೆಸಿ ಸ್ಟೇರಿಂಗಿನ ಎದುರು ಅಂಟಿಸಿದೆವು. ರೈಲ್ವೆ ಕೆಳಸೇತುವೆ, ನೆಲಮಾಳಿಗೆಯ ಪಾರ್ಕಿಂಗ್, ಬಾಗಿದ ಹಲಸಿನ ಕೊಂಬೆ, ಇವುಗಳ ಮುಂದೆ ಲೆಕ್ಕ ಹಾಕುತ್ತ ನಿಲ್ಲಲು ಆಗುವುದಿಲ್ಲ.

ಈಗ ದೀಪದ ವಿಷಯ. ಇದರ ಬಗ್ಗೆ ನನಗೆ ಕೊಂಚ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ವಯಸ್ಸಾದ ಕಣ್ಣಿಗೆ ಎದುರಿನಿಂದ ಬೆಳಕು ಹೊಡೆದರೆ ಸುಧಾರಿಸಿಕೊಳ್ಳಲು ಎಳೆಯ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಪೊರೆ ಶುರುವಾಗಿದ್ದರೆ ಬೆಳಕು ಒಡೆದು ಇಡೀ ಗಾಜಿನ ತುಂಬ ಹರಡುತ್ತದೆ. ಆ ಕೆಲವು ಕ್ಷಣ ನಾವು ಕುರುಡರೇ. ಚಾವಣಿಯ ಸಾಲುದೀಪ ಹಾಕಿಕೊಂಡು ಬರುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ಅವನಿಗೆ ರಸ್ತೆ ಹಗಲಿನಂತೆ ಕಾಣುತ್ತಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಗಾಡಿಯ ಮುಂಭಾಗಕ್ಕೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವುದಕ್ಕೆ ನಿಷೇಧವೇ ಇದೆ. ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯ ಪೂರ್ವಾನುಮತಿ ಬೇಕು. ಅಂಗಡಿಯವರು ಇದನ್ನು ದರಪಟ್ಟಿಯ ಕೆಳಗೆ ಬರೆಯುವುದಿಲ್ಲ.

ಕಾನೂನು ಹಾಗಿರಲಿ, ಮಲೆನಾಡಿನ ಮಂಜಿನಲ್ಲಿ ಚಾವಣಿಯ ದೀಪ ಉಪಯೋಗಕ್ಕೂ ಬರುವುದಿಲ್ಲ. ಇದಕ್ಕೂ ಒಂದು ಪ್ರಯೋಗವಿದೆ. ಚಳಿಗಾಲದ ಬೆಳಿಗ್ಗೆ ಬಚ್ಚಲಲ್ಲಿ ಬಿಸಿನೀರಿನ ಹಬೆ ತುಂಬಿರುವಾಗ ದೀಪ ಆರಿಸಿ, ಟಾರ್ಚನ್ನು ಹಣೆಯ ಹತ್ತಿರ ಹಿಡಿದು ನೋಡಿ. ಎದುರು ಬಿಳಿ ಗೋಡೆ. ಈಗ ಅದೇ ಟಾರ್ಚನ್ನು ಮೊಣಕಾಲಿನ ಹತ್ತಿರಕ್ಕೆ ಇಳಿಸಿ, ನೆಲದ ಕಡೆಗೆ ಹಿಡಿಯಿರಿ. ಮೂಲೆಯ ಬಕೆಟ್ಟು ಕಾಣುತ್ತದೆ. ಮಂಜೆಂದರೆ ಸಣ್ಣ ನೀರಹನಿಗಳು. ಕಣ್ಣಿನ ಪಕ್ಕದಿಂದಲೇ ಹೊರಟ ಬೆಳಕು ಹನಿಗೆ ಬಡಿದು ಅದೇ ದಾರಿಯಲ್ಲಿ ಕಣ್ಣಿಗೆ ವಾಪಸು ಬರುತ್ತದೆ. ಆದ್ದರಿಂದಲೇ ಫಾಗ್ ಲ್ಯಾಂಪನ್ನು ಬಂಪರಿನ ಕೆಳಗೆ ಇಡುತ್ತಾರೆ. ಅದರ ಬೆಳಕು ಅಗಲಕ್ಕೆ ಹರಡುತ್ತದೆ, ಮೇಲಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಇರುತ್ತದೆ. ಹಳದಿ ಬೆಳಕೇ ಮಂಜನ್ನು ಸೀಳುತ್ತದೆ ಎಂದು ನಮ್ಮ ಕಾಲದಲ್ಲಿ ನಂಬಿದ್ದೆವು. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸುತ್ತದೆ. ಹಳದಿ ಕೆಲವರ ಕಣ್ಣಿಗೆ ಹಿತ, ಅಷ್ಟೇ.

ಅಳಿಯಂದಿರ ಗಾಡಿಗೆ ಕಂಪನಿಯವರೇ ಫಾಗ್ ಲ್ಯಾಂಪಿಗೆ ಜಾಗ, ವೈರು, ಸ್ವಿಚ್ಚು ಬಿಟ್ಟಿದ್ದರು. ಅಲ್ಲಿಗೆ ಅದೇ ಅಳತೆಯ ಜೋಡಿ ಹಾಕಿಸಿದೆವು, 4,800 ರೂಪಾಯಿ. ಹೆಡ್‌ಲೈಟಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿ ಮಬ್ಬಾಗಿತ್ತು. ಪಾಲಿಶ್ ಮಾಡಿಸಲು 900. ನನ್ನ ಅಭಿಪ್ರಾಯದಲ್ಲಿ ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ಬಡ್ಡಿ ತಂದ ಹಣ ಈ 900. ಹಿಂದೆ ಭಾರ ತುಂಬಿದಾಗ ಗಾಡಿಯ ಮೂಗು ಮೇಲೇರುತ್ತದೆ, ಲೋ ಬೀಮ್ ಕೂಡ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸ್ಟೇರಿಂಗಿನ ಹತ್ತಿರ 0, 1, 2, 3 ಎಂದು ಬರೆದ ಪುಟ್ಟ ಗಾಲಿ ಅನೇಕ ಗಾಡಿಗಳಲ್ಲಿ ಇರುತ್ತದೆ; ಅದು ಬೆಳಕನ್ನು ಕೆಳಕ್ಕಿಳಿಸಲು. ಅಳಿಯಂದಿರು ಅದನ್ನು ಏಸಿಗೆ ಸಂಬಂಧಿಸಿದ್ದು ಎಂದುಕೊಂಡಿದ್ದರಂತೆ.

ಹೆಚ್ಚುವರಿ ದೀಪ ಹಾಕಿಸಲೇಬೇಕೆಂದರೆ ಭಾಗಾಕಾರವಾದರೂ ಮಾಡಿ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 60 ವ್ಯಾಟಿನ ಹೆಡ್‌ಲೈಟ್ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. 180 ವ್ಯಾಟಿನ ಸಾಲುದೀಪಕ್ಕೆ 15. ಐದಕ್ಕೆಂದು ಎಳೆದ ವೈರಿನಲ್ಲಿ ಹದಿನೈದು ಹರಿದರೆ ವೈರು ಕಾಯುತ್ತದೆ, ಹೊದಿಕೆ ಕರಗುತ್ತದೆ, ಬೆಂಕಿ ಹತ್ತುತ್ತದೆ. ಅದಕ್ಕೇ ಬೇರೆ ದಪ್ಪ ವೈರು, ರಿಲೇ, ಬ್ಯಾಟರಿಯ ಹತ್ತಿರವೇ ಫ್ಯೂಸು ಬೇಕು. ಹಳೆಯ ವೈರನ್ನು ನಡುವೆ ಕತ್ತರಿಸಿ, ಸಿಪ್ಪೆ ಸುಲಿದು, ಟೇಪು ಸುತ್ತುವವರ ಹತ್ತಿರ ಹೋಗಬೇಡಿ. ಮಾಡಿಸಿದ ಬದಲಾವಣೆಯನ್ನು ವಿಮಾ ಕಂಪನಿಗೆ ಬರೆದು ತಿಳಿಸಿ, ಸ್ವೀಕೃತಿ ಪಡೆಯಿರಿ. ನಾಳೆ ಕ್ಲೇಮು ಬಂದಾಗ ಅವರು ಮೊದಲು ನೋಡುವುದು ಇದನ್ನೇ.

ಆ ಗಾಡಿಗೆ ಹಿಂದಿನ ಮಾಲೀಕರು ಮುಂದುಗಡೆ ದಪ್ಪ ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಿಸಿದ್ದರು. ನೋಡಲು ಗೂಳಿಯ ಹಾಗೆ. 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು ಇವುಗಳ ಮೇಲೆ ಕ್ರಮಕ್ಕೆ ಸೂಚಿಸಿತು. ಕಾರಣ ಸರಳ. ಡಿಕ್ಕಿಯಾದಾಗ ಗಾಡಿಯ ಮುಂಭಾಗ ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕು; ಗಾರ್ಡ್ ಇದ್ದರೆ ಪೆಟ್ಟು ಚಾಸಿಗೆ, ಅಲ್ಲಿಂದ ಒಳಗಿನವರಿಗೆ ಹೋಗುತ್ತದೆ. ಏರ್‌ಬ್ಯಾಗಿನ ಸಂವೇದಕಕ್ಕೆ ಸರಿಯಾದ ಸುದ್ದಿ ಮುಟ್ಟದೆಯೂ ಹೋಗಬಹುದು. ರಸ್ತೆ ದಾಟುವ ಮುದುಕನಿಗೆ ಅದು ತಾಗಿದರೆ ಕೇಳುವುದೇ ಬೇಡ. ಬಿಚ್ಚಿಸಿ ಗುಜರಿಗೆ ಹಾಕಿದೆವು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸಬಾರದೆಂದು ಹೇಳಿದೆ. ಬಿಚ್ಚಿ ತೆಗೆಯಬಹುದಾದ ಸಣ್ಣ ಬುಟ್ಟಿಗೂ ಗಾಡಿಯ ಆಕಾರವನ್ನೇ ಬದಲಿಸುವ ಬೆಸುಗೆಯ ಕೆಲಸಕ್ಕೂ ವ್ಯತ್ಯಾಸವಿದೆ. ಅನುಮಾನವಿದ್ದರೆ ಆರ್‌ಟಿಒ ಕಚೇರಿಯಲ್ಲಿ ಕೇಳಿಯೇ ಕೈ ಹಾಕಿ.

ಡೀಸೆಲ್ ಡಬ್ಬಿಯನ್ನು ಮೊಮ್ಮಗಳು ಒಂದೇ ಗುಣಾಕಾರದಲ್ಲಿ ತೆಗೆದುಹಾಕಿದಳು. 60 ಲೀಟರಿನ ಟ್ಯಾಂಕು, ಲೀಟರಿಗೆ 11 ಕಿಲೋಮೀಟರ್, ಒಟ್ಟು 660. ನಮ್ಮ ದಾರಿಯಲ್ಲಿ ಊರೂರಿಗೆ ಬಂಕು. ಹಿಮಾಚಲದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ತಾಂಡಿ ಎಂಬಲ್ಲಿ, ಮುಂದಿನ ಬಂಕು 365 ಕಿಲೋಮೀಟರ್ ದೂರ ಎಂಬ ಫಲಕ ಬಹಳ ಪ್ರಸಿದ್ಧ. ಅಂಥ ಕಡೆ ಡಬ್ಬಿಗೆ ಅರ್ಥವಿದೆ. ಹೊಸನಗರಕ್ಕೆ ಹೋಗುವವರು ಬೆಂಕಿಯ ಸಾಮಾನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುವುದೇಕೆ? ಸ್ನಾರ್ಕೆಲ್ ಆನೆಯ ಸೊಂಡಿಲಿದ್ದಂತೆ; ಆಳದ ನೀರು ದಾಟುವಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ಕೊಡುತ್ತದೆ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ಸೊಂಡಿಲಿದ್ದರೂ ದಾಟಕೂಡದು, ಹಾಗಾಗಿ ನಮಗೆ ಅದು ಬೇಡ. ವಿಂಚಿನ ಬದಲು ಎಳೆಯುವ ಪಟ್ಟಿ, ಎರಡು ಕೊಂಡಿ. ಪಟ್ಟಿಯನ್ನು ಚಾಸಿಯ ಎಳೆಗೊಕ್ಕೆಗೇ ಹಾಕಬೇಕು, ಬಂಪರಿಗಲ್ಲ. ಬಿಗಿಯಾದ ಪಟ್ಟಿಯ ಮೇಲೆ ಕಂಬಳಿ ಹೊದಿಸಬೇಕು, ತುಂಡಾದರೆ ಚಾಟಿಯಂತೆ ಬೀಸುವುದು ತಗ್ಗುತ್ತದೆ. ಮಕ್ಕಳು ಪಟ್ಟಿಯ ಉದ್ದಕ್ಕಿಂತ ದೂರ ನಿಲ್ಲಬೇಕು. ಅದರ ಜೊತೆಗೆ ಟಯರಿಗೆ ಗಾಳಿ ತುಂಬುವ ಪುಟ್ಟ ಕಂಪ್ರೆಸರ್, ಬೆಂಕಿ ಆರಿಸುವ ಸಿಲಿಂಡರ್. ಬುಟ್ಟಿ, ದೀಪ, ಪಾಲಿಶು ಎಲ್ಲ ಸೇರಿ ಆದ ಖರ್ಚು 26,200.

ಅಜ್ಜಿಯನ್ನು ಗಾಡಿಗೆ ಹತ್ತಿಸುವುದು ಹೇಗೆಂಬುದು ಉಳಿದಿತ್ತು. ನಾಲ್ಕು ಚಕ್ರದ ಎಳೆತದ ಗಾಡಿ ನೆಲದಿಂದ ಎತ್ತರ. ಬಾಗಿಲ ಕೆಳಗೆ ಕಬ್ಬಿಣದ ಮೆಟ್ಟಿಲು ಹಾಕಿಸಬಹುದು, ಆದರೆ ಅದು ಎಲ್ಲಕ್ಕಿಂತ ಕೆಳಗೆ ಇಳಿದಿರುತ್ತದೆ, ಕಲ್ಲಿಗೆ ಮೊದಲು ತಾಗುವುದು ಅದೇ. ಇದನ್ನು ಬಗೆಹರಿಸಿದವಳು ಮನೆಯಾಕೆಯೇ. ದೇವರ ಮನೆಯಲ್ಲಿ ಕೂರುವ ಹಲಸಿನ ಮಣೆಗಿಂತ ಸ್ವಲ್ಪ ಎತ್ತರದ ಕಾಲುಮಣೆ ಒಂದು ನಮ್ಮಲ್ಲಿದೆ. ಅದಕ್ಕೆ ಒಂದು ಹಗ್ಗ ಕಟ್ಟಿದಳು. ಮಣೆ ಮೆಟ್ಟಿ ಹತ್ತುವುದು, ಕೂತ ಮೇಲೆ ಹಗ್ಗ ಎಳೆದು ಮಣೆಯನ್ನು ಒಳಗೆ ತೆಗೆದುಕೊಳ್ಳುವುದು. ಬಾಗಿಲ ಕಂಬಕ್ಕೆ ಕಂಪನಿಯ ಹಿಡಿ ಇದ್ದೇ ಇತ್ತು. ಮಂಡಿನೋವಿನವರಿದ್ದರೆ ಗಾಡಿ ಕೊಳ್ಳುವ ಮೊದಲು ಆ ಹಿಡಿ ಇದೆಯೇ ನೋಡಿ. ಮಣೆಯ ಕಾಲಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಹೊಡೆದರೆ ಜಾರುವುದಿಲ್ಲ.

ಆಗುಂಬೆಯಲ್ಲಿ ಮಂಜು ಸಿಕ್ಕಿತು, ಸಂಜೆ ಐದಕ್ಕೇ. ಹೆಡ್‌ಲೈಟು ಲೋ ಬೀಮಿನಲ್ಲಿ, ಕೆಳಗೆ ಫಾಗ್ ಲ್ಯಾಂಪು, 20ರ ವೇಗ. ಎಡಬದಿಯ ಬಿಳಿ ಗೆರೆ ಕಾಣುತ್ತಿತ್ತು, ಅಷ್ಟು ಸಾಕು. ಎದುರಿನಿಂದ ಚಾವಣಿಯ ದೀಪ ಉರಿಸಿಕೊಂಡು ಬಂದ ಗಾಡಿಯೊಂದು ಮಂಜಿನ ನಡುವೆ ನಿಂತೇಬಿಟ್ಟಿತ್ತು, ಅವರಿಗೆ ಮುಂದೇನೂ ಕಾಣುತ್ತಿರಲಿಲ್ಲವಂತೆ. ಅಳಿಯಂದಿರು ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ತವರಿನ ದಾರಿ. ಹಿಂದಿನ ರಾತ್ರಿ ಮಳೆ ಬಿದ್ದು ಹಳ್ಳದ ಆಚೆಯ ಏರಿನಲ್ಲಿ ಜೇಡಿ ಕಾಲು ಹಿಡಿಯುತ್ತಿತ್ತು. ನೀರು ಮೊಣಕಾಲಿಗಿಂತ ಕೆಳಗೇ ಇತ್ತು. ಅಳಿಯಂದಿರು ಕೋಲು ಹಿಡಿದು ನಡೆದು ನೋಡಿದರು. ದಾಟಿದೆವು, ಏರಿನಲ್ಲಿ ನಾಲ್ಕೂ ಗಾಲಿ ತಿರುಗಿದವು, ಗಾಡಿ ಅಲ್ಲೇ. ಟಯರಿನ ಗಾಳಿಯನ್ನು 33ರಿಂದ 22ಕ್ಕೆ ಇಳಿಸಿದೆವು. ಗಾಳಿ ಕಡಿಮೆಯಾದರೆ ಟಯರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಅಗಲಕ್ಕೆ ಹಿಡಿಯುತ್ತದೆ, ಒಂಟೆಯ ಪಾದದ ಹಾಗೆ. ಗಾಲಿಯ ಮುಂದೆ ಗೋಣಿಚೀಲ ಹಾಸಿ, ನಾವೆಲ್ಲ ಇಳಿದು ಪಕ್ಕಕ್ಕೆ ನಿಂತೆವು. ಅಜ್ಜಿಯನ್ನು ಮಾತ್ರ ಇಳಿಸಲಿಲ್ಲ. ಎರಡನೇ ಸಲಕ್ಕೆ ಗಾಡಿ ಮೆಲ್ಲಗೆ ಏರಿತು. ತೋಟದ ಉಣುಗೋಲಿನ ಹತ್ತಿರ ಎಂಬತ್ತರ ಭಾವಮೈದುನರು ಕೊಡೆ ಹಿಡಿದು ನಿಂತಿದ್ದರು. ಮೊಮ್ಮಗ ಓಡಿಹೋಗಿ ಬಾಗಿಲ ಬಳಿ ಕಾಲುಮಣೆ ಇಟ್ಟ. ಅಣ್ಣ ತಂಗಿ ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಅವರು, “ಇಷ್ಟೇನಾ ತಂದಿದ್ದು ಕೊಬ್ಬರಿ?” ಎಂದರು. ಟಾರು ರಸ್ತೆಗೆ ಮರಳಿದ ಕೂಡಲೇ ಕಂಪ್ರೆಸರಿನಿಂದ ಟಯರನ್ನು ಮತ್ತೆ 33ಕ್ಕೆ ತುಂಬಿದೆವು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿದರೆ ಟಯರು ಕಾದು ಹಾಳಾಗುತ್ತದೆ.

ಅಲ್ಲಿಂದ ಕೊಡಚಾದ್ರಿ ಹತ್ತಿರ. 1,343 ಮೀಟರ್ ಎತ್ತರದ ಬೆಟ್ಟ, ಮೇಲಿನ ದಾರಿ ಬರೀ ಕಲ್ಲು, ಕೊರಕಲು. ನಮ್ಮ ಗಾಡಿಯನ್ನು ಕೆಳಗೆ ಬಿಟ್ಟು ಸ್ಥಳೀಯ ಜೀಪಿನಲ್ಲಿ ಹೋದೆವು. ಅಜ್ಜಿ ಅಣ್ಣನ ಮನೆಯಲ್ಲೇ ಉಳಿದಳು. ದಿನಕ್ಕೆ ಹಲವು ಸಲ ಆ ಬೆಟ್ಟ ಹತ್ತಿಳಿಯುವ ಜೀಪಿನ ಚಾವಣಿ ನೋಡಿದೆ, ಏನೂ ಇಲ್ಲ. ಸೀಟಿನ ಕೆಳಗೆ ಗುದ್ದಲಿ, ಕತ್ತಿ, ಹಗ್ಗ, ಎರಡು ಗೋಣಿಚೀಲ, ಒಂದು ಹಲಗೆ. ಮೆತ್ತನೆ ನೆಲದಲ್ಲಿ ಜ್ಯಾಕು ಹೂತುಹೋಗದಂತೆ ಅಡಿಗಿಡಲು ಆ ಹಲಗೆ. ಅಳಿಯಂದಿರು ಚಾಲಕರನ್ನು ವಿಚಾರಿಸಿದರು. “ತಲೆ ಮೇಲೆ ಹೊರೆ ಹೊತ್ಕಂಡು ಗುಡ್ಡ ಹತ್ತಿದ್ರೆ ನೀವೇ ಓಲಾಡ್ತೀರಿ, ಜೀಪು ಬಿಡ್ತದಾ ಮಾರಾಯ್ರೇ?” ಎಂದರು. ದಾರಿಯಿರುವ ಕಡೆಯಷ್ಟೇ ಓಡಿಸಿದರು, ಪಕ್ಕದ ಹುಲ್ಲಿಗೆ ಒಂದು ಗಾಲಿಯನ್ನೂ ಇಳಿಸಲಿಲ್ಲ.

ರಾತ್ರಿಯ ಕಾಡುದಾರಿಯ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಬೆಳಕು ಕಣ್ಣಿಗೆ ಹೊಡೆದರೆ ಜಿಂಕೆ ದಾರಿಯ ನಡುವೆ ಕಲ್ಲಿನಂತೆ ನಿಂತುಬಿಡುತ್ತದೆ. ನಿಷೇಧವಿಲ್ಲದ ಕಾಡಿನಲ್ಲೂ ಕತ್ತಲಾಗುವ ಮೊದಲು ಊರು ಸೇರುವ ಹಾಗೆ ನಾವು ಹೊರಡುವ ಹೊತ್ತನ್ನೇ ಹಿಂದಕ್ಕೆ ಹಾಕಿಕೊಂಡೆವು. ಅದಕ್ಕೆ ಯಾವ ದೀಪವೂ ಬೇಕಾಗಲಿಲ್ಲ.

ಊರಿಗೆ ಬಂದ ವಾರದಲ್ಲೇ ಬುಟ್ಟಿಯನ್ನು ಬಿಚ್ಚಿದೆವು. ಖಾಲಿ ಬುಟ್ಟಿಯೂ ಗಾಳಿಗೆ ಅಡ್ಡ ನಿಂತು ಡೀಸೆಲ್ ತಿನ್ನುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ನಟ್ಟು-ಬೋಲ್ಟುಗಳಿಗೆ ಎಣ್ಣೆ ಹಚ್ಚಿ ಒಂದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬುಟ್ಟಿಗೇ ಕಟ್ಟಿಟ್ಟಿದ್ದೇವೆ, ಮುಂದಿನ ಸಲ ಹುಡುಕಬಾರದಲ್ಲ. ಈ ಬೇಸಿಗೆಯಲ್ಲಿ ತಾರಸಿಯ ಮೇಲೆ ಅದಕ್ಕೊಂದು ಬಿಳಿ ಪಂಚೆ ಹಾಸಿ ಮನೆಯಾಕೆ ಸಂಡಿಗೆ ಒಣಗಿಸುತ್ತಿದ್ದಾಳೆ. ಕೆಳಗಿನಿಂದಲೂ ಗಾಳಿ ಆಡುವುದರಿಂದ ಒಂದು ದಿನ ಮೊದಲೇ ಒಣಗುತ್ತವೆ ಎನ್ನುತ್ತಾಳೆ. ಕಾಗೆ ಓಡಿಸುವ ಕೆಲಸ ನನ್ನದು.